ಮೊದಲ ಬೈಕು: ನಾಲೆ ಏರಿ, ಚಾಮುಂಡಿ ಬೆಟ್ಟ, ಮೂರು ಗಾಡಿ

ವಾರವೆಲ್ಲ ಮೈಸೂರಲ್ಲಿ ಕೆಲಸ, ಶನಿವಾರ ಸಂಜೆ ಪಾಂಡವಪುರದ ಹತ್ತಿರ ನಮ್ಮೂರಿಗೆ. ಮೂರು ವರ್ಷ ಸ್ಕೂಟರಲ್ಲೇ ಓಡಾಡಿದೆ. ಗೇರ್ ಗಾಡಿ ಕಲಿಯಬೇಕು ಅನ್ನೋ ಆಸೆ ಮಾತ್ರ ಬಿಡಲಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದರೆ, ಬೈಕಿಗೆ ಬೇರೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಬೇಕು. 30 ದಿನ ಆದಮೇಲೆ ಟೆಸ್ಟ್.

ಮೊದಲ ಬೈಕು ಯಾವುದು ತಗೊಳ್ಳಲಿ ಅಂತ ಯಾರನ್ನು ಕೇಳಿದರೂ ಮೈಲೇಜ್ ಬಗ್ಗೆಯೇ ಮಾತು. ದೊಡ್ಡಪ್ಪ ಮಾತ್ರ ಬೇರೆ ಮಾತು ಹೇಳಿದರು. ಅವರದು ಯೆಜ್ಡಿ ಕಾಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದ ಗಾಡಿ. ಅದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. "ಓಡ್ಸೋದು ಎಲ್ರೂ ಕಲೀತಾರೆ. ನಿಲ್ಸೋದು, ತಿರುಗ್ಸೋದು ಯಾವ ಗಾಡೀಲಿ ಸಲೀಸು ಅಂತ ನೋಡವ್ವ" ಅಂದರು. ನಾನು ಅದನ್ನೇ ಹಿಡಿದುಕೊಂಡೆ. ಮೂರು ಗಾಡಿಯನ್ನೂ ಒಂದೇ ದಾರಿಗಳಲ್ಲಿ ಓಡಿಸಿದೆ: ಊರಿನ ನಾಲೆ ಏರಿ ಮೇಲಿನ ದಾರಿ, ಚಾಮುಂಡಿ ಬೆಟ್ಟದ ರಸ್ತೆ, ಮೈಸೂರಿನ ರಿಂಗ್ ರೋಡ್. ನನ್ನ ಎತ್ತರ ಐದಡಿ ಎರಡಿಂಚು. ಓದುವಾಗ ಅದು ನೆನಪಿರಲಿ.

ಮೊದಲು ಚಿಕ್ಕಪ್ಪನ ಹೀರೋ ಸ್ಪ್ಲೆಂಡರ್ ಪ್ಲಸ್. 97.2 ಸಿಸಿ, ತೂಕ ಸುಮಾರು 112 ಕೆಜಿ. "ಕ್ಲಚ್ಚ ನಿಧಾನಕ್ಕೆ ಬುಡವ್ವ, ಎಳೆಯೋದು ಕೈಗೇ ಗೊತ್ತಾಯ್ತದೆ" ಅಂದರು ಚಿಕ್ಕಪ್ಪ. ನಿಜವಾಗಿಯೂ ಗೊತ್ತಾಯಿತು. ಅರ್ಧ ಕ್ಲಚ್ ಬಿಟ್ಟಾಗ ಹ್ಯಾಂಡಲ್ ಸಣ್ಣಗೆ ನಡುಗುತ್ತದೆ, ಗಾಡಿ ಮುಂದಕ್ಕೆ ಜಗ್ಗುತ್ತದೆ. ಆ ಜಾಗ ಕೈಗೆ ಸಿಕ್ಕರೆ ಅರ್ಧ ಕಲಿತ ಹಾಗೆ. ನಾಲೆ ಏರಿ ಮೇಲೆ ಕಬ್ಬಿನ ಟ್ರಾಕ್ಟರ್ ಮುಂದಿತ್ತು. ಎರಡೂ ಕಡೆ ಕಬ್ಬು ಹೊರಕ್ಕೆ ಚಾಚಿಕೊಂಡಿತ್ತು, ಪಕ್ಕದಲ್ಲಿ ನೀರು, ತಡೆಗೋಡೆ ಇಲ್ಲ. ಅದರ ಹಿಂದೆ ನಡಿಗೆಯ ವೇಗದಲ್ಲಿ ಒಂದು ಕಿಲೋಮೀಟರ್ ಹೋದೆ. ಎಲ್ಲೂ ಭಯ ಆಗಲಿಲ್ಲ. ಬೇಕೆಂದಾಗ ಕಾಲು ನೆಲಕ್ಕೆ ಸಿಗುತ್ತಿತ್ತು.

ಬೆಟ್ಟದ ರಸ್ತೆಯಲ್ಲಿ ಅದರ ಮಿತಿ ಗೊತ್ತಾಯಿತು. ಹಿಂದೆ ಅಮ್ಮ ಕೂತಿದ್ದರು. ಏರು ಜಾಸ್ತಿ ಆದ ಕಡೆ ಎರಡನೇ ಗೇರ್‌ಗೆ ಇಳಿಸಲೇಬೇಕಾಯಿತು. ಇಳಿಯುವಾಗ ಡ್ರಮ್ ಬ್ರೇಕನ್ನು ಸ್ವಲ್ಪ ಮುಂಚೆಯೇ ಹಿಡಿಯಬೇಕು ಅನ್ನಿಸಿತು.

ಆಮೇಲೆ ದೊಡ್ಡಪ್ಪನ ಮಗನ ರಾಯಲ್ ಎನ್‌ಫೀಲ್ಡ್ ಹಂಟರ್ 350. ಮನಸ್ಸು ಮೊದಲಿಂದ ಇದರ ಮೇಲೇ ಇತ್ತು, ಮುಚ್ಚಿಡುವುದು ಯಾಕೆ? 349 ಸಿಸಿ ಎಂಜಿನ್ 27 ಎನ್‌ಎಂ ಎಳೆತ ಕೊಡುತ್ತದೆ. ಕ್ಲಚ್ ಬಿಡುವುದರಲ್ಲಿ ಸ್ವಲ್ಪ ತಪ್ಪಿದರೂ ಎಂಜಿನ್ ಆಫ್ ಆಗುವುದಿಲ್ಲ. ಬೆಟ್ಟವನ್ನು ಆಯಾಸವೇ ಇಲ್ಲದೆ ಹತ್ತಿತು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಇದೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆ ಅದು ಕಡ್ಡಾಯ.

ಆದರೆ ತೂಕ 181 ಕೆಜಿ. ಓಡುವಾಗ ಅದು ತಿಳಿಯುವುದೇ ಇಲ್ಲ, ನಿಲ್ಲಿಸುವಾಗ ತಿಳಿಯುತ್ತದೆ. ಕಣದಲ್ಲಿ ಯೂ ಟರ್ನ್ ಮಾಡುತ್ತಿದ್ದೆ. ಹ್ಯಾಂಡಲ್ ಪೂರ್ತಿ ತಿರುಗಿತ್ತು, ಕೋಳಿ ಅಡ್ಡ ಬಂತು, ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಗಾಡಿ ಒಳಕ್ಕೆ ವಾಲಿತು. ಕಾಲು ಕೊಟ್ಟೆ, ತಡೆಯಲಿಲ್ಲ. ತಪ್ಪು ನನ್ನದೇ. "ಹ್ಯಾಂಡಲ್ ತಿರುಗಿದಾಗ ಹಿಂದಿನ ಬ್ರೇಕ್ ಮಾತ್ರ ಕಣೇ" ಅಂತ ಅಣ್ಣ ಅವತ್ತು ಹೇಳಿದ್ದನ್ನು ಇನ್ನೂ ಮರೆತಿಲ್ಲ. ಪೆಟ್ಟಾಗಲಿಲ್ಲ. ಆದರೆ ಗಾಡಿ ಎತ್ತಲು ಇಬ್ಬರು ಬೇಕಾಯಿತು. ಇದೇ ಒಬ್ಬಳೇ ಹೋಗುವಾಗ ನಾಲೆ ಏರಿ ಮೇಲೆ ಆಗಿದ್ದರೆ? ಆ ಯೋಚನೆಯೇ ನನ್ನ ಮನಸ್ಸು ಬದಲಾಯಿಸಿತು.

ಇನ್ನೊಂದು ತೊಡಕೂ ಇದೆ. ಸ್ಪ್ಲೆಂಡರ್‌ನಲ್ಲಿ ನಾಲ್ಕು ಗೇರೂ ಮುಂದಕ್ಕೆ ತುಳಿಯುವುದು. ಹಂಟರ್‌ನಲ್ಲಿ ಮೊದಲನೆಯದು ಕೆಳಕ್ಕೆ, ಮಿಕ್ಕ ನಾಲ್ಕು ಮೇಲಕ್ಕೆ. ಒಂದರಲ್ಲಿ ಕಲಿತ ಕಾಲು ಇನ್ನೊಂದರಲ್ಲಿ ಎಡವುತ್ತದೆ. ಎರಡನ್ನೂ ಒಂದೇ ವಾರ ಓಡಿಸಬೇಡಿ.

ಕೊನೆಗೆ ಗೆಳತಿಯ ಟಿವಿಎಸ್ ರೈಡರ್ 125. 124.8 ಸಿಸಿ, 123 ಕೆಜಿ, ಐದು ಗೇರ್, ಸೀಟಿನ ಎತ್ತರ 780 ಮಿಲಿಮೀಟರ್. ಯಾವ ಗೇರಲ್ಲಿ ಇದ್ದೀವಿ ಅಂತ ಮೀಟರ್ ತೋರಿಸುತ್ತದೆ. ಹೊಸಬರಿಗೆ ಅದು ಎಷ್ಟು ಧೈರ್ಯ ಕೊಡುತ್ತೆ ಅಂತ ಓಡಿಸಿದವರಿಗೇ ಗೊತ್ತು. ನಾಲೆ ಏರಿ ಮೇಲೆ ಸ್ಪ್ಲೆಂಡರ್‌ನಷ್ಟು ಹಗುರ ಅನ್ನಿಸಲಿಲ್ಲ, ಭಾರವೂ ಆಗಲಿಲ್ಲ. ಅಮ್ಮನನ್ನು ಕೂರಿಸಿಕೊಂಡು ಬೆಟ್ಟ ಹತ್ತುವಾಗ ಬಸ್ಸಿನ ಹಿಂದೆ ನಿಲ್ಲಿಸಿ, ಹಿಂದಿನ ಬ್ರೇಕ್ ತುಳಿದುಕೊಂಡು, ಮತ್ತೆ ಹೊರಟೆ. ಒಂದಿಂಚೂ ಹಿಂದಕ್ಕೆ ಜಾರಲಿಲ್ಲ.

ರಿಂಗ್ ರೋಡಲ್ಲಿ ಮೂರೂ ಚೆನ್ನಾಗಿಯೇ ಓಡಿದವು, ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬೆಂಗಳೂರು ಹೈವೇಗೆ ದೊಡ್ಡ ಎಂಜಿನ್ ಬೇಕು ಅನ್ನುವವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರೋಡಿಗೆ 125 ಸಿಸಿ ಧಾರಾಳ ಸಾಕು.

ಹಂಟರ್ ಬಿದ್ದ ಮೇಲೆ ಮಿಕ್ಕ ಎರಡನ್ನೂ ಹುಲ್ಲಿನ ಮೇಲೆ ಮೆತ್ತಗೆ ಮಲಗಿಸಿ, ನಾನೊಬ್ಬಳೇ ಎತ್ತಿ ನೋಡಿದೆ. ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತಾ ಏಳುವುದು. ಸ್ಪ್ಲೆಂಡರ್ ಒಂದೇ ಸಲಕ್ಕೆ ಬಂತು. ರೈಡರ್ ಎರಡನೇ ಸಲಕ್ಕೆ.

ಬರೀ ಊರು, ಹೊಲ, ಸಂತೆ ಅಂತ ಓಡಾಡುವವರು ಸ್ಪ್ಲೆಂಡರ್ ತಗೊಳ್ಳಿ, ಎರಡು ಮಾತಿಲ್ಲ. ಹಂಟರ್ ಆಸೆ ಇದ್ದರೆ ಒಂದು ವರ್ಷ ಹಗುರವಾದ ಗಾಡಿ ಓಡಿಸಿ ಆಮೇಲೆ ಹೋಗಿ. ನಾನು ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ರೈಡರ್ ತಗೊಂಡೆ. ನಾನು ತಗೊಂಡ ಗಾಡಿಯಲ್ಲಿ ಎಬಿಎಸ್ ಇಲ್ಲ, ಆ ಕೊರತೆ ಮನಸ್ಸಲ್ಲಿ ಇದ್ದೇ ಇದೆ. ಅದಕ್ಕೇ ಭಾನುವಾರ ಬೆಳಿಗ್ಗೆ ಊರಿನ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತೇನೆ. 40ರ ವೇಗದಲ್ಲಿ ಬಂದು, ಗೆರೆ ಹತ್ತಿರ ಎರಡೂ ಬ್ರೇಕನ್ನು ಒಟ್ಟಿಗೆ, ಮೆತ್ತಗೆ ಶುರುಮಾಡಿ ಬಿಗಿಯಾಗಿ ಹಿಡಿಯುತ್ತೇನೆ. ಮೊದಲ ದಿನ ಗೆರೆಯಿಂದ 22 ಹೆಜ್ಜೆ ಆಚೆ ನಿಂತಿತ್ತು. ಹೋದ ಭಾನುವಾರ 16.