ಹೊಸ ಕ್ಯಾಂಪಸ್ ಕಟ್ಟಡ: ಹೊರಗೆ ಮುಗಿದಿದೆ, ಒಳಗೆ ಇನ್ನೂ ಹಸಿ

ನಮ್ಮ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ನಗರದ ನಟ್ಟನಡುವೆ ಏಳುತ್ತಿದೆ. ಮೂರು ಕಟ್ಟಡ. ಒಂದು ತರಗತಿಗಳಿಗೆ, ಒಂದು ಪ್ರಯೋಗಾಲಯಗಳಿಗೆ, ಒಂದು ಗ್ರಂಥಾಲಯಕ್ಕೆ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಪುಸ್ತಕಗಳನ್ನು ಹೊಸ ಜಾಗಕ್ಕೆ ಸಾಗಿಸುವ ತಂಡದಲ್ಲಿ ಇದ್ದೇನೆ, ಹಾಗಾಗಿ ತಿಂಗಳಿಗೊಮ್ಮೆ ನಡೆಯುವ ಸೈಟ್ ಭೇಟಿಗೆ ಶುರುವಿನಿಂದ ಇವತ್ತಿನವರೆಗೂ ತಪ್ಪಿಸದೆ ಹೋಗಿದ್ದೇನೆ. ನೋಡಿದ್ದನ್ನು ಬರೆಯುತ್ತೇನೆ. ಕಟ್ಟಡದ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ. ಸೈಟ್ ಭೇಟಿಗೆ ಐದಕ್ಕೆ ಐದು. ತಿಂಗಳು ತಿಂಗಳು ಬರುವ ಪ್ರಗತಿ ವರದಿಗೆ ಎರಡೇ ಎರಡು, ಅದೂ ಫೋಟೋಗಳು ಚೆನ್ನಾಗಿರುತ್ತವೆ ಅನ್ನುವ ಕಾರಣಕ್ಕೆ.

ಮೊದಲು ವರದಿಯ ವಿಷಯ ಹೇಳಿಬಿಡುತ್ತೇನೆ. ಅದರಲ್ಲಿ ಪ್ರತಿ ಕಟ್ಟಡದ ಎದುರು ಒಂದು ಶೇಕಡಾ ಇರುತ್ತದೆ. ನಮ್ಮ ಗ್ರಂಥಾಲಯದ ಎದುರು ಈಗ ತೊಂಬತ್ತರ ಮೇಲಿನ ಸಂಖ್ಯೆ ಇದೆ. ಯಾವುದರ ಶೇಕಡಾ ಅಂತ ಎಲ್ಲೂ ಹೇಳಿಲ್ಲ. ಹಾಕಿದ ಕಾಂಕ್ರೀಟಿನದ್ದೋ, ಪಾಸಾದ ಬಿಲ್ಲಿನದ್ದೋ, ಕಳೆದ ದಿನಗಳದ್ದೋ? ಕಂಬ, ತೊಲೆ, ಸ್ಲ್ಯಾಬ್ ಏಳುವಾಗ ದಾರಿಯಲ್ಲಿ ಹೋಗುವವರಿಗೂ ಕೆಲಸ ಕಾಣುತ್ತದೆ. ಆಮೇಲೆ ಗಾಜು ಕೂತುಬಿಟ್ಟರೆ ಎಲ್ಲ ಮುಗಿದ ಹಾಗೆ ಅನಿಸುತ್ತದೆ. ಒಳಗೆ ನೋಡಿದರೆ ಗಾಳಿ ಹೋಗುವ ಡಕ್ಟು, ವೈರು, ಪೈಪು, ಬೆಂಕಿ ಆರಿಸುವ ಸ್ಪ್ರಿಂಕ್ಲರ್, ಇವೆಲ್ಲ ಒಂದರ ಮೇಲೊಂದು ಚಾವಣಿಯಲ್ಲಿ ಜಾಗ ಹುಡುಕುತ್ತಿರುತ್ತವೆ. ಹೊರಗಿನಿಂದ ಕಾಣದ ಈ ಕೆಲಸಕ್ಕೆ ಹಿಡಿಯುವ ಸಮಯ ಕಾಣುವ ಕೆಲಸಕ್ಕಿಂತ ಕಡಿಮೆಯೇನಲ್ಲ. ತೊಂಬತ್ತರ ಮೇಲೆ ಅಂತ ಓದಿದ ನಮ್ಮ ಓದುಗರು ಈಗಾಗಲೇ ಕೌಂಟರಿಗೆ ಬಂದು 'ಹೊಸ ಲೈಬ್ರರಿ ಯಾವಾಗ ತೆರೀತೀರಾ ಮೇಡಂ' ಅಂತ ಕೇಳುತ್ತಿದ್ದಾರೆ.

ಈಗ ಕಟ್ಟಡಕ್ಕೆ ಬರೋಣ. ನಗರದ ಮಧ್ಯೆ ಕಟ್ಟುವುದೇ ಬೇರೆ ಥರದ ಕೆಲಸ ಅಂತ ನನಗೆ ಗೊತ್ತಾಗಿದ್ದು ಪಾಯ ತೆಗೆಯುವಾಗ. ಬಯಲಿನಲ್ಲಾದರೆ ಕಂಬಿ, ಜಲ್ಲಿ, ಸೆಂಟ್ರಿಂಗ್ ಸಾಮಾನು ಎಲ್ಲ ಪಕ್ಕದಲ್ಲೇ ರಾಶಿ ಹಾಕಿಕೊಳ್ಳಬಹುದು. ಇಲ್ಲಿ ಮೂರು ಕಡೆ ಹಳೇ ಕಟ್ಟಡ, ಒಂದು ಕಡೆ ರಸ್ತೆ. ಸಾಮಾನು ಇಡಲು ಜಾಗವೇ ಇಲ್ಲ, ಅವತ್ತಿಗೆ ಬೇಕಾದದ್ದು ಅವತ್ತೇ ಬರಬೇಕು, ಬಂದ ಕೂಡಲೇ ಕ್ರೇನ್ ಎತ್ತಿಕೊಳ್ಳಬೇಕು. ಪೈಲ್‌ಗಳನ್ನು, ಅಂದರೆ ಪಾಯಕ್ಕೆ ನೆಲದ ಆಳಕ್ಕೆ ಇಳಿಸುವ ಕಂಬಗಳನ್ನು, ಬಡಿದು ಇಳಿಸಲಿಲ್ಲ, ಕೊರೆದು ಕಾಂಕ್ರೀಟ್ ತುಂಬಿದರು. ಬಡಿದರೆ ನೆಲ ಅದುರುತ್ತದೆ, ಅಕ್ಕಪಕ್ಕದ ಗೋಡೆಗಳಿಗೆ ಅದು ಒಳ್ಳೆಯದಲ್ಲ. ಪಕ್ಕದ ಹಳೇ ಕಟ್ಟಡದ ಗೋಡೆಯಲ್ಲಿ ಮೊದಲೇ ಒಂದು ಸಣ್ಣ ಬಿರುಕು ಇತ್ತು. ಅದರ ಮೇಲೆ ಎರಡು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದರು. ಒಂದರ ಮೇಲೆ ಮಿಲಿಮೀಟರ್ ಚೌಕಗಳು, ಇನ್ನೊಂದರ ಮೇಲೆ ಕೆಂಪು ಅಡ್ಡಗೆರೆ. ಬಿರುಕು ಒಂದು ಮಿಲಿಮೀಟರ್ ಸರಿದರೆ ಗೆರೆ ಒಂದು ಚೌಕ ಜರುಗುತ್ತದೆ. ಪಾಯದ ಕೆಲಸ ಮುಗಿಯುವವರೆಗೂ ಒಬ್ಬ ಹುಡುಗ ದಿನಾ ಬೆಳಿಗ್ಗೆ ಬಂದು ಅದನ್ನು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ಪುಸ್ತಕ ನಾನು ನೋಡಿದ್ದೇನೆ, ಒಂದು ದಿನವೂ ಖಾಲಿ ಬಿಟ್ಟಿಲ್ಲ. ನನ್ನ ನಾಲ್ಕು ಅಂಕದಲ್ಲಿ ಒಂದು ಅಂಕ ಆ ಪುಸ್ತಕಕ್ಕೇ ಸೇರಬೇಕು.

ಕಾಂಕ್ರೀಟ್ ಲಾರಿಗಳು ರಾತ್ರಿ ಬರುತ್ತಿದ್ದವು. ಮಿಕ್ಸ್ ಮಾಡಿದ ಕಾಂಕ್ರೀಟನ್ನು ಸುಮಾರು ಒಂದೂವರೆ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕು, ಹಗಲಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಲಾರಿಯಲ್ಲೇ ಬಿಗಿಯಲು ಶುರುವಾಗುತ್ತದೆ. ಅಕ್ಕಪಕ್ಕದ ಮನೆಯವರಿಗೆ ನಿದ್ದೆ ಕೆಟ್ಟಿದ್ದು ನಿಜ. ಇಂಥ ರಾತ್ರಿ ಸ್ಲ್ಯಾಬ್ ಹಾಕುತ್ತೇವೆ ಅಂತ ಎರಡು ದಿನ ಮುಂಚೆ ಮನೆಮನೆಗೆ ಒಂದು ಚೀಟಿ ಕೊಟ್ಟಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು. ಅದು ಆಗಲೇ ಇಲ್ಲ.

ಭಾರದ ವಿಷಯದಲ್ಲಿ ನನಗೆ ಮೊದಲಿನಿಂದ ಭಯ ಇತ್ತು. ಪುಸ್ತಕ ಎಷ್ಟು ಭಾರ ಅಂತ ಒಂದು ರಟ್ಟಿನ ಪೆಟ್ಟಿಗೆ ತುಂಬಿ ಎತ್ತಿದವರಿಗೇ ಗೊತ್ತು. ಅಮೆರಿಕದ ಕಟ್ಟಡ ನಿಯಮದಲ್ಲಿ ಓದುವ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 300 ಕಿಲೋ ತಡೆದರೆ ಸಾಕು, ಪುಸ್ತಕದ ಕಪಾಟು ನಿಲ್ಲಿಸುವ ಕೋಣೆಗೆ 700 ಕಿಲೋಗಿಂತ ಜಾಸ್ತಿ ಬೇಕು. ಹಳಿಯ ಮೇಲೆ ಜರುಗುವ ಒತ್ತೊತ್ತು ಕಪಾಟುಗಳಾದರೆ ಇನ್ನೂ ಜಾಸ್ತಿ. ಅಲ್ಲಿನ ಇಂಡಿಯಾನಾ ವಿಶ್ವವಿದ್ಯಾಲಯದ ಹರ್ಮನ್ ಬಿ ವೆಲ್ಸ್ ಗ್ರಂಥಾಲಯದ ಬಗ್ಗೆ ಒಂದು ಕಥೆ ಇದೆ, ಕಟ್ಟಡ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ನೆಲಕ್ಕೆ ಇಳಿಯುತ್ತಿದೆ, ಯಾಕೆಂದರೆ ನಕ್ಷೆ ಹಾಕಿದವರು ಪುಸ್ತಕದ ತೂಕ ಲೆಕ್ಕ ಹಾಕುವುದನ್ನೇ ಮರೆತರಂತೆ. ಸುಳ್ಳು ಕಥೆ ಅದು. ಇದೇ ಕಥೆಯನ್ನು ಬೇರೆ ಎಷ್ಟೋ ಕ್ಯಾಂಪಸ್‌ಗಳಲ್ಲಿ ಅವರವರ ಗ್ರಂಥಾಲಯಕ್ಕೆ ಹಚ್ಚಿ ಹೇಳುತ್ತಾರೆ. ಆದರೂ ಎರಡನೇ ಭೇಟಿಯಲ್ಲಿ ನಾನು ಸೈಟ್ ಇಂಜಿನಿಯರ್ ಅವರನ್ನು ನೇರವಾಗಿ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ನಕ್ಷೆ ಬಿಡಿಸಿ, ಯಾವ ಮಹಡಿಯ ಯಾವ ಭಾಗ ಕಪಾಟಿಗೆ, ಯಾವ ಭಾಗ ಮೇಜು ಕುರ್ಚಿಗೆ ಅಂತ ಬಣ್ಣ ಹಾಕಿ ತೋರಿಸಿದರು. ಓದುವ ಜಾಗದಲ್ಲಿ ಮುಂದೊಂದು ದಿನ ಕಪಾಟು ಜೋಡಿಸಬೇಡಿ ಮೇಡಂ, ಅಲ್ಲಿನ ಸ್ಲ್ಯಾಬ್ ಅದಕ್ಕಲ್ಲ ಅಂದರು. ಆ ಬಣ್ಣದ ನಕ್ಷೆಯ ಒಂದು ಪ್ರತಿ ಈಗ ನಮ್ಮ ಆಫೀಸಿನ ಗೋಡೆಯ ಮೇಲಿದೆ. ಸೈಟ್ ಭೇಟಿಗೆ ಪೂರ್ತಿ ಅಂಕ ಕೊಟ್ಟಿದ್ದು ಇಂಥದ್ದಕ್ಕೆ.

ನೆಲಮಾಳಿಗೆಯಲ್ಲಿ ಅಪರೂಪದ ಪುಸ್ತಕ ಇಡುವ ಯೋಜನೆ ಮೊದಲ ನಕ್ಷೆಯಲ್ಲಿ ಇತ್ತು. ನಾವು ಗ್ರಂಥಾಲಯದವರೆಲ್ಲ ಸೇರಿ ಬೇಡವೇ ಬೇಡ ಅಂತ ಬರೆದು ಕೊಟ್ಟೆವು. 1997ರ ಜುಲೈನಲ್ಲಿ ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಗನ್ ಗ್ರಂಥಾಲಯದ ನೆಲಮಾಳಿಗೆಗೆ ಜೋರು ಮಳೆಗೆ ಪ್ರವಾಹದ ನೀರು ನುಗ್ಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕ ನೆನೆದುಹೋದವು. ಆಗ ಅಲ್ಲೂ ಕಟ್ಟಡ ವಿಸ್ತರಣೆಯ ಕೆಲಸ ನಡೆಯುತ್ತಿತ್ತು. ನಮ್ಮ ಮಾತು ಕೇಳಿ ಅಪರೂಪದ ಸಂಗ್ರಹವನ್ನು ಎರಡನೇ ಮಹಡಿಗೆ ತಂದರು, ನೆಲಮಾಳಿಗೆಗೆ ಪಾರ್ಕಿಂಗ್ ಮತ್ತು ನೀರಿನ ಪಂಪು ಹೋದವು. ಇದಕ್ಕೆ ಮನಸಾರೆ ಥ್ಯಾಂಕ್ಸ್.

ಇನ್ನು ಕಳೆದುಹೋದ ಆ ಒಂದು ಅಂಕ. ಅದು ಹಸಿಯ ವಿಷಯ.

ಕಾಂಕ್ರೀಟ್ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ನಾನೂ ಮೊದಲು ಎರಡೂ ಒಂದೇ ಅಂದುಕೊಂಡಿದ್ದೆ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ, ಒಣಗಿ ಅಲ್ಲ. ಅದಕ್ಕೇ ತಾನೆ ಸ್ಲ್ಯಾಬ್ ಹಾಕಿದ ಮೇಲೆ ನೀರು ಕಟ್ಟಿ ಕ್ಯೂರಿಂಗ್ ಮಾಡುವುದು. 7 ದಿನಕ್ಕೆ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಶಕ್ತಿ ಬಂದಿರುತ್ತದೆ, ಪೂರ್ತಿ ಶಕ್ತಿಯನ್ನು 28 ದಿನಕ್ಕೆ ನೋಡುತ್ತಾರೆ. ಪ್ರತಿ ಸ್ಲ್ಯಾಬಿನಿಂದ ಸ್ವಲ್ಪ ಕಾಂಕ್ರೀಟ್ ತೆಗೆದು 150 ಮಿಲಿಮೀಟರಿನ ಚೌಕಾಕಾರದ ಅಚ್ಚಿಗೆ ತುಂಬಿ, ಆ ಕ್ಯೂಬ್‌ಗಳನ್ನು ಮಷಿನ್ನಿನಲ್ಲಿ ಒತ್ತಿ ಒಡೆದು ಪರೀಕ್ಷೆ ಮಾಡಿದ್ದಾರೆ, ಫಲಿತಾಂಶ ಎಲ್ಲ ಸರಿಯಾಗಿದೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಬಳಕೆಯಾಗದೆ ಉಳಿದ ನೀರು ಸ್ಲ್ಯಾಬಿನ ಒಳಗೇ ಇರುತ್ತದೆ. ಅದು ಹೊರಗೆ ಬರಲು ದಪ್ಪದ ಪ್ರತಿ 25 ಮಿಲಿಮೀಟರಿಗೆ ಒಂದು ತಿಂಗಳು ಅಂತ ಒಂದು ಅಂದಾಜು ಲೆಕ್ಕ ಇದೆ, ಅದೂ ಮಳೆ ಒಳಗೆ ಬರದ ಹಾಗೆ ಕಟ್ಟಡ ಮುಚ್ಚಿದ ಮೇಲಿನಿಂದ. ನಮ್ಮ ಸ್ಲ್ಯಾಬ್ 200 ಮಿಲಿಮೀಟರ್ ದಪ್ಪ, ಅಂದರೆ ಎಂಟು ತಿಂಗಳು ಬೇಕು. ಗಾಜು ಕೂತು ಇನ್ನೂ ನಾಲ್ಕು ತಿಂಗಳಾಗಿಲ್ಲ. ವಿಶ್ವವಿದ್ಯಾಲಯ ಮಾತ್ರ ಮುಂದಿನ ಸೆಮಿಸ್ಟರ್ ಶುರುವಿಗೇ ಪುಸ್ತಕ ಸಾಗಿಸಿ ಅನ್ನುತ್ತಿದೆ.

ಸ್ಲ್ಯಾಬಿನಿಂದ ಹೊರಬರುವ ನೀರು ಕೋಣೆಯ ಗಾಳಿಗೇ ಸೇರುತ್ತದೆ, ಪುಸ್ತಕ ಗಾಳಿಯಲ್ಲಿರುವ ಆ ತೇವವನ್ನು ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಶುರುವಾಗುತ್ತದೆ, ಮೊದಲು ಬೈಂಡಿನ ಬಟ್ಟೆಯ ಮೇಲೆ, ಆಮೇಲೆ ಹಾಳೆಗಳ ಒಳಗೆ. ಒಂದು ಕಪಾಟಿಗೆ ಹಿಡಿದರೆ ಪಕ್ಕದ ಕಪಾಟಿಗೆ ಹೋಗಲು ಎಷ್ಟು ಹೊತ್ತು. ಇದನ್ನು ಮೀಟಿಂಗಿನಲ್ಲಿ ಹೇಳಿದರೆ, ಎಸಿ ಹಾಕುತ್ತೇವಲ್ಲ ಅಂತ ಉತ್ತರ ಬಂತು. ಎಸಿ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ದಿನಕ್ಕೆ ಕೆಲವೇ ಗಂಟೆ ಓಡುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಓಡಿ, ತೇವಾಂಶ ಕೆಲವು ವಾರ ಒಂದೇ ಸಮ ನಿಂತಿದ್ದನ್ನು ನೋಡಿದ ಮೇಲೆ ಪುಸ್ತಕ ತಂದರೆ ಸರಿ, ಅಲ್ವಾ?

ಸ್ಲ್ಯಾಬಿನೊಳಗಿನ ಈ ಹಸಿಯನ್ನು ಕಣ್ಣಾರೆ ತೋರಿಸಿದ್ದೂ ಆ ಇಂಜಿನಿಯರ್ ಅವರೇ. ಹೋದ ತಿಂಗಳು ಎರಡನೇ ಮಹಡಿಗೆ ಕರೆದುಕೊಂಡು ಹೋದರು. ನೆಲದ ಮೇಲೆ ಅಲ್ಲಲ್ಲಿ ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದ್ದರು, ಪಕ್ಕದಲ್ಲಿ ಮಾರ್ಕರಿನಿಂದ ತಾರೀಖು ಬರೆದಿತ್ತು. ಹಿಂದಿನ ದಿನ ಸಂಜೆ ಅಂಟಿಸಿದ್ದು. ಕೈಯಿಂದ ಮುಟ್ಟಿದರೆ ನೆಲ ಪೂರ್ತಿ ಒಣಗಿದೆ, ತಣ್ಣಗೂ ಇಲ್ಲ. ಒಂದು ಹಾಳೆಯ ಅಂಚು ಎಬ್ಬಿಸಿದರು. ಒಳಮೈಯಲ್ಲಿ ಸಾಸಿವೆ ಕಾಳಿನಂಥ ನೀರಿನ ಹನಿಗಳು ಒತ್ತೊತ್ತಾಗಿ ಕೂತಿದ್ದವು, ಹಾಳೆ ಬಾಗಿಸಿದಾಗ ಕೆಲವು ಕೂಡಿಕೊಂಡು ಜಾರಿದವು. ಕೆಳಗಿನ ಕಾಂಕ್ರೀಟು ಚೌಕಾಕಾರಕ್ಕೆ ಕಪ್ಪಾಗಿತ್ತು. ಅಪರೂಪದ ಸಂಗ್ರಹ ಬರಬೇಕಾಗಿರುವುದು ಇದೇ ಮಹಡಿಗೆ. ನಾನು ಫೋಟೋ ತೆಗೆದು ಅವತ್ತೇ ನಮ್ಮ ಗ್ರಂಥಪಾಲಕರಿಗೆ ಕಳಿಸಿದೆ. ಪ್ರಗತಿ ವರದಿಯಲ್ಲಿ ಬರಬೇಕಾದ ಫೋಟೋ ಅದು. ಸುಮ್ನೆ ಕ್ರೇನಿನ ಹಿಂದೆ ಸೂರ್ಯ ಮುಳುಗುವ ಚಿತ್ರ ಹಾಕಿದರೆ ನಮಗೇನು ತಿಳಿಯುತ್ತದೆ?

ಉಳಿದದ್ದು ಬೇಗ ಹೇಳುತ್ತೇನೆ. ಗಾಜಿನ ಗೋಡೆಗೆ ಹೊರಗಿನಿಂದ ಪೈಪಿನಲ್ಲಿ ಜೋರಾಗಿ ನೀರು ಹೊಡೆದು ನೋಡಿದರು, ಒಂದು ಮೂಲೆಯಲ್ಲಿ ಸೋರಿತು, ಬಿಚ್ಚಿ ಮತ್ತೆ ಸೀಲ್ ಮಾಡಿದರು. ಲಿಫ್ಟಿನ ಬಾಗಿಲು ಪುಸ್ತಕದ ಟ್ರಾಲಿಗೂ ಗಾಲಿಕುರ್ಚಿಗೂ ಧಾರಾಳ. ಮುಖ್ಯ ಬಾಗಿಲಿನ ಇಳಿಜಾರು ಮಾತ್ರ ಕಡಿದಾಯಿತು, ಗಾಲಿಕುರ್ಚಿಯಲ್ಲಿ ಬರುವ ನಮ್ಮ ಒಬ್ಬ ಓದುಗರು ಭೇಟಿಯ ದಿನ ಒಬ್ಬರೇ ಹತ್ತಲು ಆಗಲಿಲ್ಲ. ಅದನ್ನು ಒಡೆದು ಮತ್ತೆ ಮಾಡುತ್ತೇವೆ ಅಂತ ಬರೆದು ಕೊಟ್ಟಿದ್ದಾರೆ, ನಾವು ಕಾಯುತ್ತಿದ್ದೇವೆ. ಪ್ರಯೋಗಾಲಯದ ಕಟ್ಟಡದ ಬಗ್ಗೆ ಅಲ್ಲಿ ಕೆಲಸ ಮಾಡುವವರು ಬರೆದರೇ ಚೆನ್ನ.

ನೀವು ಇದೇ ವಿಶ್ವವಿದ್ಯಾಲಯದವರಾದರೆ ದಯವಿಟ್ಟು ಸೈಟ್ ಭೇಟಿಗೆ ಹೆಸರು ಕೊಡಿ. ಹೆಲ್ಮೆಟ್, ಜಾಕೆಟ್ ಅವರೇ ಕೊಡುತ್ತಾರೆ, ಗಟ್ಟಿ ಬೂಟು ಮಾತ್ರ ನಿಮ್ಮದೇ ಇರಬೇಕು. ನಿಮ್ಮ ವಿಭಾಗ ಯಾವ ಮಹಡಿಗೆ ಬರುತ್ತದೆ ಅಂತ ಮೊದಲೇ ತಿಳಿದುಕೊಂಡು ಹೋಗಿ, ಆ ಮಹಡಿಯಲ್ಲೇ ನಿಂತು ಪ್ರಶ್ನೆ ಕೇಳಿ. ಮುಂದಿನ ಭೇಟಿ ಈ ತಿಂಗಳ ಕೊನೆಗಿದೆ. ಎರಡನೇ ಮಹಡಿಯಲ್ಲಿ ಹಿಂದಿನ ಸಂಜೆಯೇ ಹೊಸ ಹಾಳೆ ಅಂಟಿಸಿ ಇಡುತ್ತೇವೆ ಅಂತ ಇಂಜಿನಿಯರ್ ಅವರು ಹೇಳಿದ್ದಾರೆ. ಈ ಸಲ ನಮ್ಮ ಗ್ರಂಥಪಾಲಕರೂ ನನ್ನ ಜೊತೆ ಬರುತ್ತಿದ್ದಾರೆ.