ಧಾರವಾಡದಲ್ಲಿ ಎರಡು ದಿನದ ಫೆಸಿಲಿಟೇಶನ್ ತರಬೇತಿ: 4,000 ರೂಪಾಯಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ

ನಾನು ಗದಗ ಕಡೆಯ ಒಂದು ರೈತ ಉತ್ಪಾದಕ ಕಂಪನಿಯ, ಅಂದರೆ ರೈತರೇ ಸೇರಿ ಕಟ್ಟಿಕೊಂಡ ಕಂಪನಿಯ, ಸಿಇಒ. 10 ಜನ ನಿರ್ದೇಶಕರು, 300ಕ್ಕೂ ಜಾಸ್ತಿ ಸದಸ್ಯರು, ಒಂದು ಗೋದಾಮು. ಕಾಯ್ದೆ ಪ್ರಕಾರ ಮೂರು ತಿಂಗಳಿಗೊಮ್ಮೆ ಬೋರ್ಡ್ ಮೀಟಿಂಗ್ ಆದರೆ ಸಾಕು, ನಾವು ತಿಂಗಳಿಗೊಮ್ಮೆ ಸೇರುತ್ತೇವೆ. ಕೋರಂಗೆ ಯಾವತ್ತೂ ತೊಂದರೆ ಆಗಿಲ್ಲ. ಆದರೆ 10 ಜನ ಬಂದರೆ ಮೂವರೇ ಮಾತಾಡುತ್ತಿದ್ದರು. ಉಳಿದವರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುತ್ತಿದ್ದರು, ಆಮೇಲೆ ಚಹಾದಂಗಡಿ ಮುಂದೆ ನಿಂತು ‘ಆ ಠರಾವು ನಮಗೇನು ಒಪ್ಪಿಗೆ ಇರಲಿಲ್ಲ ಬಿಡ್ರಿ’ ಅನ್ನುತ್ತಿದ್ದರು. ಎರಡು ವರ್ಷ ಇದನ್ನು ನೋಡಿ ನೋಡಿ ಸಾಕಾಗಿತ್ತು. ಹಾಗಾಗಿ ಫೆಸಿಲಿಟೇಶನ್, ಅಂದರೆ ಎಲ್ಲರೂ ಮಾತಾಡುವ ಹಾಗೆ ಸಭೆ ನಡೆಸಿಕೊಡೋದನ್ನು ಕಲಿಸುವ ಈ ತರಬೇತಿಯ ಪ್ರಕಟಣೆ ಕಂಡ ದಿನವೇ ದುಡ್ಡು ಕಟ್ಟಿದೆ.

ಎರಡು ದಿನ, ಊಟ ಚಹಾ ಸೇರಿ 4,000 ರೂಪಾಯಿ. ಬ್ಯಾಚಿನಲ್ಲಿ 18 ಜನ ಇದ್ದೆವು. ಎನ್‌ಜಿಒದವರು, ಇಬ್ಬರು ಮುಖ್ಯೋಪಾಧ್ಯಾಯಿನಿಯರು, ಒಬ್ಬ ಬ್ಯಾಂಕ್ ಮ್ಯಾನೇಜರ್, ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್ ಹುಡುಗಿ. ಸರ್ಕಾರಿ ತರಬೇತಿಗಳಲ್ಲಿ ‘ಸುಗಮಕಾರರು’ ಅನ್ನುತ್ತಾರಲ್ಲ, ಆ ಕೆಲಸವನ್ನೇ ಇಲ್ಲಿ ಕೈಹಿಡಿದು ಕಲಿಸುತ್ತಾರೆ.

ಮೊದಲ ದಿನ ಬೆಳಿಗ್ಗೆ ಹೇಳಿಕೊಟ್ಟದ್ದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅಂತ ನನಗೆ ಅನಿಸಿತು. ಓಆರ್‌ಐಡಿ ಅಂತ ಒಂದು ವಿಧಾನ ಇದೆ, ಇನ್‌ಸ್ಟಿಟ್ಯೂಟ್ ಆಫ್ ಕಲ್ಚರಲ್ ಅಫೇರ್ಸ್‌ನವರು ರೂಪಿಸಿದ್ದು. ನಾಲ್ಕು ಹಂತದಲ್ಲಿ ಪ್ರಶ್ನೆ ಕೇಳುತ್ತಾ ಹೋಗಬೇಕು. ಕಣ್ಣಿಗೆ ಕಂಡದ್ದೇನು? ಅದಕ್ಕೆ ಮನಸ್ಸಿಗೆ ಏನನಿಸಿತು? ಅದರ ಅರ್ಥ ಏನು? ಈಗ ಏನು ಮಾಡೋಣ? ನಮ್ಮ ಮೀಟಿಂಗ್‌ಗಳಲ್ಲಿ ಕುಳಿತ ಕೂಡಲೇ ನಾಲ್ಕನೆಯದಕ್ಕೆ ಕೈ ಹಾಕುತ್ತೇವೆ. ಏನಾಯಿತು ಅನ್ನುವುದರಲ್ಲೇ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಕಥೆ ಇರುವಾಗ, ಏನು ಮಾಡೋಣ ಅಂದರೆ ಜಗಳವಲ್ಲದೆ ಇನ್ನೇನು ಆಗುತ್ತದೆ?

ಇನ್ನೊಂದು ಅಭ್ಯಾಸ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಅಲ್ಲಿಯವರೆಗೆ ಬಾಯಿ ತೆರೆಯುವ ಹಾಗಿಲ್ಲ. ಕೇಳೋಕೆ ಸುಲಭ, ಅಲ್ವಾ? ನಾನು ಆರಕ್ಕೇ ಮಾತು ಶುರು ಮಾಡಿದೆ, ನನ್ನ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ. ಮೂರನೇ ಸಲ ಹತ್ತಕ್ಕೆ ಮುಟ್ಟಿದಾಗ ಎದುರು ಕುಳಿತ ಮೇಡಂ, ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದವರು, ಬಾಯಿ ಬಿಟ್ಟರು. ಎರಡು ವರ್ಷ ನಮ್ಮ ಬೋರ್ಡಿನಲ್ಲಿ ನಾನು ಎಷ್ಟು ಜನರ ಮಾತನ್ನು ಹೀಗೆ ನುಂಗಿದ್ದೇನೋ ಅಂತ ಆಗ ನಿಜಕ್ಕೂ ಸಂಕಟವಾಯಿತು.

ಮಧ್ಯಾಹ್ನ 1-2-4-ಆಲ್ ಮಾಡಿಸಿದರು. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಇಬ್ಬರು, ಆಮೇಲೆ ನಾಲ್ವರು, ಕೊನೆಗೆ ಎಲ್ಲರೂ. ಮಾತಿಗೆ ಅಂಜುವವರಿಗೆ ಇದು ಒಳ್ಳೆಯದು. ಪಕ್ಕದವರ ಹತ್ತಿರ ಒಮ್ಮೆ ಹೇಳಿಕೊಂಡ ಮಾತನ್ನು ಎಲ್ಲರ ಮುಂದೆ ಹೇಳೋದಕ್ಕೆ ಅಷ್ಟು ಭಯ ಆಗಲ್ಲ.

ಇನ್ನು ತಕರಾರು. ಎರಡನೇ ದಿನ ಮಧ್ಯಾಹ್ನ ಪೂರ್ತಿ ‘ನಿಮ್ಮ ಸ್ವಭಾವ ಯಾವ ಬಣ್ಣ’ ಅನ್ನೋ ಪರೀಕ್ಷೆಗೆ ಹೋಯಿತು. ನನಗೆ ಅದರಿಂದ ಏನೂ ಸಿಗಲಿಲ್ಲ. ಕೊಟ್ಟ ಪುಸ್ತಿಕೆ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಮಾಡಿಸಿದ ರೋಲ್ ಪ್ಲೇಗಳೆಲ್ಲ ಆಫೀಸಿನವು. ಎಲ್ಲರೂ ಓದು ಬರಹ ಬಲ್ಲವರು ಅಂತ ಮೊದಲೇ ತಿಳಿದುಕೊಂಡು ಚೀಟಿ ಮೇಲೆ ಚೀಟಿ ಬರೆಸುತ್ತಾರೆ. ನಮ್ಮ ಬೋರ್ಡಿನಲ್ಲಿ ಇಬ್ಬರಿಗೆ ಸಹಿ ಬಿಟ್ಟರೆ ಬರೆಯಲು ಬರುವುದಿಲ್ಲ. ಬರೆಯಲು ಬಾರದವರನ್ನೂ ಸೇರಿಸಿಕೊಂಡು ಸಭೆ ನಡೆಸೋದು ಕರ್ನಾಟಕಕ್ಕೇನು ಹೊಸ ವಿಷಯವಲ್ಲ. 1980ರ ದಶಕದಲ್ಲೇ ಮೈರಾಡ ಸಂಸ್ಥೆಯವರು ಹಳ್ಳಿಗಳಲ್ಲಿ ಸ್ವಸಹಾಯ ಗುಂಪು ಕಟ್ಟಿದರು. ನೆಲದ ಮೇಲೆ ನಕ್ಷೆ ಬರೆದು ಬೀಜ ಇಟ್ಟು ಹಳ್ಳಿಯವರೇ ತಮ್ಮ ಊರಿನ ಸ್ಥಿತಿಗತಿ ಲೆಕ್ಕ ಹಾಕುವ ಪಿಆರ್‌ಎ ಪದ್ಧತಿಯನ್ನೂ ಅವರು ಮೊದಲೇ ಬಳಸಿದ್ದರು. ಎರಡು ದಿನದಲ್ಲಿ ಅದರ ಬಗ್ಗೆ ಒಂದು ಮಾತೂ ಬರಲಿಲ್ಲ, ಇದು ನನಗೆ ಬೇಜಾರಾಯಿತು.

ದೊಡ್ಡ ಕೊರತೆ ಬೇರೆ ಇದೆ. ಊರಿನ ಹಿರಿಯರು, ಅಧ್ಯಕ್ಷರು ಎದುರಿಗೇ ಕುಳಿತಿದ್ದಾಗ ಉಳಿದವರು ಹೇಗೆ ಮಾತಾಡಬೇಕು? ಇದನ್ನು ಕೇಳಿದರೆ ‘ಎಲ್ಲರಿಗೂ ಸಮಾನ ಅವಕಾಶ ಕೊಡಿ’ ಅಂದರು. ಅಷ್ಟರಿಂದ ಕೆಲಸ ಆಗಲ್ಲ. ಊಟದ ಹೊತ್ತಿನಲ್ಲಿ ಬ್ಯಾಂಕ್ ಮ್ಯಾನೇಜರ್ ಒಂದು ದಾರಿ ಹೇಳಿದರು. ಮೀಟಿಂಗ್ ಹಿಂದಿನ ದಿನ ಹಿರಿಯರ ಮನೆಗೆ ಹೋಗಿ, ‘ನಿಮ್ಮ ಮಾತು ಕೊನೆಗೆ ಬಂದರೆ ಅದಕ್ಕೆ ತೂಕ’ ಅಂತ ಕೇಳಿಕೊಳ್ಳಿ.

ಜುಲೈ ಮೀಟಿಂಗ್‌ನಲ್ಲಿ ಹಾಗೇ ಮಾಡಿದೆ. ವಿಷಯ ಹೆಸರುಕಾಳು ಖರೀದಿ. ಹೋದ ವರ್ಷ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ನಮಗೆ ಕೊಡದೆ ಹೊರಗಿನ ವ್ಯಾಪಾರಿಗಳಿಗೆ ಕೊಟ್ಟಿದ್ದರು. ‘ರೇಟು ಏರಿಸ್ರಿ’ ಅನ್ನೋದೇ ಪ್ರತಿ ಸಲದ ತೀರ್ಮಾನ. ಈ ಸಲ ಮೊದಲು ರಿಜಿಸ್ಟರ್ ತೆಗೆದು ಯಾರು ಯಾವ ದಿನ ಎಷ್ಟು ಚೀಲ ತಂದರು ಅಂತ ಓದಿದೆ, ಅಷ್ಟೇ. ಆಮೇಲೆ ‘ಇದನ್ನು ಕೇಳಿ ಏನನಿಸ್ತು?’ ಅಂದೆ. ಎಣಿಸಿದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂಬತ್ತಕ್ಕೆ ಬಂದಾಗ ಬಾಗಿಲ ಹತ್ತಿರ ಕುಳಿತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು, ‘ತೂಕ ಆದ ದಿನಾನ ರೊಕ್ಕ ಕೈಗೆ ಬರಂಗಿಲ್ಲಂತ ನಮ್ಮ ಓಣ್ಯಾಗ ಎಲ್ಲಾರೂ ಅಂತಾರ್ರಿ. ಗಣಪತಿ ಹಬ್ಬ ಮುಂದ ಇರತೈತಿ, ಯಾರು ಕಾಯ್ತಾರ?’ ಅಂದರು.

ಆಮೇಲೆ ಇಬ್ಬಿಬ್ಬರು ಕೂತು ಮಾತಾಡಿದರು. ಬಂದ ಕಾರಣಗಳನ್ನು ಚಾರ್ಟ್ ಶೀಟ್ ಮೇಲೆ ಚಿತ್ರವಾಗಿ ಬರೆದೆ: ನೋಟು, ತಕ್ಕಡಿ, ಗೋಣಿಚೀಲ, ರೇಟಿನ ಬೋರ್ಡು. ಒಬ್ಬೊಬ್ಬರಿಗೆ ಐದು ಹುಣಸೆ ಬೀಜ ಕೊಟ್ಟೆ, ಯಾವುದು ದೊಡ್ಡ ತೊಂದರೆಯೋ ಅದರ ಮೇಲೆ ಇಡಬೇಕು. ಅಧ್ಯಕ್ಷರು ಕೊನೆಗೆ ಇಟ್ಟರು. ನೋಟಿನ ಮೇಲೆ 27, ತಕ್ಕಡಿಗೆ 11, ಚೀಲಕ್ಕೆ 8. ರೇಟಿಗೆ ಬಿದ್ದದ್ದು ನಾಲ್ಕೇ. ಅಧ್ಯಕ್ಷರು ಸ್ವಲ್ಪ ಹೊತ್ತು ಬೀಜಗಳನ್ನೇ ನೋಡುತ್ತಾ ಕುಳಿತರು. ಆಮೇಲೆ ತೂಕವಾದ ದಿನವೇ ಅರ್ಧ ಹಣ ಖಾತೆಗೆ ಹಾಕಬೇಕು ಅನ್ನುವ ಠರಾವನ್ನು ಅವರೇ ಮಂಡಿಸಿದರು. ಆ ದಿನ ಚಹಾದಂಗಡಿಯಲ್ಲೂ ಅದೇ ಠರಾವಿನ ಮಾತು, ಆದರೆ ದುಡ್ಡು ಎಲ್ಲಿಂದ ಹೊಂದಿಸೋದು ಅಂತ.

ಹಾಗಾದರೆ ಹೋಗಬಹುದಾ? ತಂಡ ನಡೆಸುವವರು, ಸ್ವಸಹಾಯ ಸಂಘದ ಒಕ್ಕೂಟದವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆಯುವ ಶಿಕ್ಷಕರು ಖಂಡಿತ ಹೋಗಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಎರಡು ವಿಷಯ ಕೇಳಿ: ಪುಸ್ತಿಕೆ ಕನ್ನಡದಲ್ಲಿ ಬಂದಿದೆಯಾ, ಬಣ್ಣದ ಪರೀಕ್ಷೆ ಇನ್ನೂ ಇದೆಯಾ ಅಂತ. ಎರಡೂ ಬದಲಾಗಲಿ ಅಂತ ನಾನು ಅವರಿಗೆ ಬರೆದು ಕೊಟ್ಟಿದ್ದೇನೆ.