ಕೆಲಸ ಅಚ್ಚುಕಟ್ಟು, ನಕ್ಷೆಗೆ ಬೆಲೆಯಿಲ್ಲ: ಚಿಕ್ಕಮಗಳೂರಿನ ಒಂದು ಮನೆ ನವೀಕರಣ ಸಂಸ್ಥೆಯ ಸೇವೆ

ಹಳೆಯ ಆರ್‌ಸಿಸಿ ಮನೆಗಳಿಗೆ ಮೇಲಂತಸ್ತು ಕಟ್ಟಿಕೊಡುವ, ನಕ್ಷೆಯಿಂದ ಹಿಡಿದು ಬಣ್ಣದವರೆಗೆ ಎಲ್ಲ ಹೊಣೆಯನ್ನೂ ತಾನೇ ಹೊರುವುದಾಗಿ ಹೇಳುವ ಚಿಕ್ಕಮಗಳೂರಿನ ಸಂಸ್ಥೆಯೊಂದಕ್ಕೆ ನಮ್ಮ ಮನೆಯ ಕೆಲಸವನ್ನು ವಹಿಸಿದ್ದೆವು. ಕೆಲಸದ ಗುಣಮಟ್ಟದಲ್ಲಿ ಅವರನ್ನು ದೂರುವಂತಿಲ್ಲ. ಮಲೆನಾಡಿನ ಮಳೆಗೆ ತಕ್ಕಂತೆ ತಾರಸಿಗೆ ಇಳಿಜಾರು ಕೊಟ್ಟಿದ್ದಾರೆ, ಕಾಂಕ್ರೀಟು ಗಟ್ಟಿಯಾಗಲು ನೀರುಣಿಸುವ ಕ್ಯೂರಿಂಗ್‌ನಲ್ಲಿ ಅವಸರ ಮಾಡಿಲ್ಲ. ಮಳೆಗಾಲ ಕಳೆದರೂ ಎಲ್ಲಿಯೂ ನೀರು ಜಿನುಗಿಲ್ಲ.

ನನ್ನ ಆಕ್ಷೇಪವಿರುವುದು ನಗರಸಭೆಯಿಂದ ಮಂಜೂರಾದ ನಕ್ಷೆಯ ವಿಷಯದಲ್ಲಿ ಅವರು ತೋರಿದ ಅಸಡ್ಡೆಯ ಬಗ್ಗೆ. ನಕ್ಷೆಯಲ್ಲಿ ಮೆಟ್ಟಿಲು ಹಜಾರದ ಒಳಗಿನಿಂದ ಏರುತ್ತದೆ. ಒಳಗೆ ಜಾಗ ಉಳಿಯುತ್ತದೆಂಬ ಕಾರಣಕ್ಕೆ, ನಮ್ಮನ್ನು ಒಂದು ಮಾತೂ ಕೇಳದೆ, ಅದನ್ನು ಪಕ್ಕದ ಸೆಟ್‌ಬ್ಯಾಕ್‌ಗೆ, ಅಂದರೆ ಮನೆಗೂ ಕಾಂಪೌಂಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗಕ್ಕೆ, ತಂದು ನಿಲ್ಲಿಸಿದರು. ನಡು ಮೆಟ್ಟಿಲಿನ ಲ್ಯಾಂಡಿಂಗ್ ಕಾಂಪೌಂಡ್ ಗೋಡೆಯವರೆಗೂ ಚಾಚಿಕೊಂಡು, ಅದರ ಮೇಲೆ ಬಿದ್ದ ಮಳೆನೀರೆಲ್ಲ ನೆರೆಯವರ ಅಡುಗೆಮನೆಯ ಗೋಡೆಗೆ ಸಿಡಿಯತೊಡಗಿತು. ಗಾಳಿ ಬೆಳಕಿಗೆಂದು, ಬೆಂಕಿ ಬಿದ್ದರೆ ಓಡಾಡುವುದಕ್ಕೆಂದು ಬಿಡಿಸುವ ಜಾಗವನ್ನು ಹೀಗೆ ನುಂಗಿದರೆ ತೊಂದರೆ ನಮ್ಮೊಬ್ಬರಿಗೇ ನಿಲ್ಲುವುದಿಲ್ಲ.

ಕೇಳಿದಾಗ ಮೇಲ್ವಿಚಾರಕರು, “ಮೇಷ್ಟ್ರೇ, ಊರಲ್ಲಿ ಎಲ್ಲರೂ ಕಟ್ಟೋದೇ ಹೀಗೆ, ಆಮೇಲೆ ಸಕ್ರಮ ಮಾಡಿಸಿಕೊಂಡರಾಯ್ತು” ಎಂದರು. ಈ ಮಾತು ನನಗೆ ಬಹಳ ಬೇಸರ ತಂದಿತು. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆಯಾಜ್ಞೆ ನೀಡಿದ್ದು ಕಟ್ಟಡದ ವೃತ್ತಿಯಲ್ಲಿರುವವರಿಗೆ ಗೊತ್ತಿರಲೇಬೇಕು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ವಾಸಕ್ಕೆ ಅನುಮತಿ ನೀಡುವ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಕೂಡದೆಂದೂ, ಬ್ಯಾಂಕುಗಳು ಆ ಪತ್ರವನ್ನು ಪರಿಶೀಲಿಸದೆ ಕಟ್ಟಡದ ಆಧಾರದ ಮೇಲೆ ಸಾಲ ಮಂಜೂರು ಮಾಡಕೂಡದೆಂದೂ ನಿರ್ದೇಶಿಸಿದೆ. ನೋಟಿಸು ಬರುವುದು ಮನೆಯ ಮಾಲೀಕನ ಹೆಸರಿಗೆ. ಕಟ್ಟಿದವರು ಆ ಹೊತ್ತಿಗೆ ಇನ್ನೊಂದು ಸೈಟಿನಲ್ಲಿರುತ್ತಾರೆ.

ನಮ್ಮ ವಿಷಯದಲ್ಲಿ ಬ್ಯಾಂಕಿನ ಮೌಲ್ಯಮಾಪಕರು ನಕ್ಷೆ ಹಿಡಿದು ಟೇಪಿನಲ್ಲಿ ಅಳೆದು, ಸಾಲದ ಮುಂದಿನ ಕಂತನ್ನು ತಡೆದರು. ಸಂಸ್ಥೆಯವರು ಎಚ್ಚೆತ್ತದ್ದು ಆಗಲೇ. ಲ್ಯಾಂಡಿಂಗನ್ನು ಒಡೆದು ಮೆಟ್ಟಿಲನ್ನು ಒಳಕ್ಕೆ ಮರಳಿಸಿದರು, ನೆರೆಯವರ ಗೋಡೆಗೆ ಬಣ್ಣವನ್ನೂ ಹೊಡೆಸಿದರು. ಆದರೆ ಒಡೆದದ್ದರ ಅರ್ಧ ಖರ್ಚನ್ನು ನಮ್ಮ ಬಿಲ್ಲಿಗೇ ಸೇರಿಸಿದ್ದನ್ನು ಒಪ್ಪಲಾಗದು. ಅದನ್ನು ತೆಗೆಸಲು ಪಟ್ಟು ಹಿಡಿಯಬೇಕಾಯಿತು.

ಇರುವ ಗೋಡೆಗಳೊಳಗಿನ ದುರಸ್ತಿ, ತಾರಸಿ ಸೋರಿಕೆ, ನೆಲಹಾಸಿನ ಕೆಲಸಗಳಿದ್ದರೆ ಇವರನ್ನು ಧಾರಾಳವಾಗಿ ಕರೆಯಬಹುದು. ಹೊಸದಾಗಿ ಏನನ್ನಾದರೂ ಕಟ್ಟಿಸುವವರು ಮಾತ್ರ, ಪರಿಷ್ಕೃತ ನಕ್ಷೆಗೆ ಮಂಜೂರಾತಿ ಸಿಗುವವರೆಗೆ ಯಾವ ಬದಲಾವಣೆಯನ್ನೂ ಮಾಡಬಾರದು, ಮಾಡಿದರೆ ಒಡೆಯುವ ಖರ್ಚು ಸಂಸ್ಥೆಯದೇ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಬೇಕು.